ಧರ್ಮದ ಹೊರಗೆ ಕಲಾಸೃಷ್ಟಿ ಅಧ್ಯಾತ್ಮವಾಗಬಲ್ಲದೇ?

ಚಿತ್ರ ಬರೆಯುವಾಗ, ಕಲ್ಲು ಕಡೆಯುವಾಗ, ರಾಗ ವಿಸ್ತರಿಸುವಾಗ ಕಲಾವಿದರು ತಮ್ಮನ್ನೇ ಮರೆಯುವುದುಂಟು. ಆ ಮೈಮರೆವು ಅಧ್ಯಾತ್ಮದ ಅನುಭವವೇ? ಹೌದಾದರೆ ಅದಕ್ಕೆ ದೇವರು, ಶಾಸ್ತ್ರ, ಆಚರಣೆಗಳ ಆಸರೆ ಬೇಕೇ ಬೇಕೇ? ಎರಡನೇ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ ಕ್ಯಾಥೊಲಿಕ್ ಚರ್ಚಿನ ಒಳಗೇ ಈ ಪ್ರಶ್ನೆ ಬಹಿರಂಗ ವಾಗ್ವಾದವಾಯಿತು. ನಂಬಿಕೆಯುಳ್ಳ ಸಾಧಾರಣ ಕಲಾವಿದರಿಗಿಂತ ನಂಬಿಕೆಯಿಲ್ಲದ ಪ್ರತಿಭಾವಂತರೇ ಮೇಲೆಂದು ಡೊಮಿನಿಕನ್ ಪಾದ್ರಿ ಮಾರಿ-ಅಲೆನ್ ಕುತೂರಿಯೆ ವಾದಿಸಿದರು. ಆಲ್ಪ್ಸ್ ಪರ್ವತದ ಅಸ್ಸಿಯಲ್ಲಿ 1950ರಲ್ಲಿ ಪ್ರತಿಷ್ಠಾಪನೆಯಾದ ಚರ್ಚಿನ ಅಲಂಕಾರಕ್ಕೆ ಕಮ್ಯುನಿಸ್ಟ್ ಫೆರ್ನಾಂ ಲೆಜೆ, ಯೆಹೂದಿ ಮಾರ್ಕ್ ಶಗಾಲ್ ಅವರಂಥವರನ್ನು ಕರೆಸಲಾಯಿತು. ಅಲ್ಲಿ ಜೆರ್ಮೇನ್ ರಿಶಿಯೆ ಮಾಡಿದ ಶಿಲುಬೆಯ ಕ್ರಿಸ್ತನ ಶಿಲ್ಪಕ್ಕೆ ಸಂಪ್ರದಾಯಸ್ಥರಿಂದ ಎಷ್ಟು ವಿರೋಧ ಬಂತೆಂದರೆ, 1951ರಲ್ಲಿ ಅದನ್ನು ಪೂಜಾವೇದಿಕೆಯಿಂದ ತೆಗೆಸಬೇಕಾಯಿತು.

ಪರ

ಆಗಬಲ್ಲದೆನ್ನುವವರು ಮೊದಲು ತೋರಿಸುವುದು ಆನ್ರಿ ಮತೀಸ್ ಅವರನ್ನು. ಆಚರಣೆಯ ಮಟ್ಟಿಗೆ ಚರ್ಚಿನಿಂದ ದೂರವೇ ಉಳಿದಿದ್ದ ಈ ಚಿತ್ರಕಾರ 1948ರಿಂದ 1951ರವರೆಗೆ ವಾನ್ಸ್ ಎಂಬ ಊರಿನ ಪುಟ್ಟ ಪ್ರಾರ್ಥನಾಮಂದಿರಕ್ಕಾಗಿ ದುಡಿದರು. ವಯಸ್ಸು ಎಂಬತ್ತರ ಆಸುಪಾಸು, ಶಸ್ತ್ರಚಿಕಿತ್ಸೆಯಿಂದ ಸೊರಗಿದ ದೇಹ. ಉದ್ದನೆಯ ಬಿದಿರುಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು ಗೋಡೆಯ ಮೇಲೆ ರೇಖೆ ಎಳೆದು ಎಳೆದು ಅಭ್ಯಾಸ ಮಾಡಿದರು. ಕೊನೆಗೆ ಬಿಳಿ ಹೆಂಚುಗಳ ಮೇಲೆ ಮೂಡಿದ ಸಂತ ಡೊಮಿನಿಕ್‌ಗೆ ಕಣ್ಣು, ಮೂಗು, ಬಾಯಿಗಳಿಲ್ಲ. ಕೆಲವೇ ಕಪ್ಪು ಗೆರೆಗಳಿವೆ. ಬೇಡದ್ದನ್ನೆಲ್ಲ ಬಿಡುತ್ತಾ ಹೋಗುವ ಈ ಶಿಸ್ತೇ ಒಂದು ತಪಸ್ಸು ಎನ್ನುವುದು ಪರವಾದಿಗಳ ಮಾತು. ತಮ್ಮ ಜೀವಮಾನದ ಕೆಲಸದಲ್ಲಿ ಇದೇ ಶ್ರೇಷ್ಠವೆಂದು ಸ್ವತಃ ಮತೀಸ್ ಭಾವಿಸಿದ್ದರು.

ಎರಡನೆಯ ಉದಾಹರಣೆ ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೊ. ಯಾವ ದೇವರ ರೂಪವೂ ಇಲ್ಲದ, ಬರೀ ಬಣ್ಣದ ಹರವುಗಳಿರುವ ಚಿತ್ರಗಳನ್ನು ಬರೆಯುವಾಗ ತಮಗಾದದ್ದು ಧಾರ್ಮಿಕ ಅನುಭವವೇ ಎಂದು ಅವರು ಹೇಳಿಕೊಂಡಿದ್ದರು. ಅವರ 14 ಚಿತ್ರಗಳಿರುವ ಹ್ಯೂಸ್ಟನ್ನಿನ ರಾಥ್ಕೊ ಮಂದಿರ 1971ರಲ್ಲಿ ಎಲ್ಲ ನಂಬಿಕೆಯವರಿಗೂ, ನಂಬಿಕೆಯಿಲ್ಲದವರಿಗೂ ತೆರೆದುಕೊಂಡಿತು. ಅದನ್ನು ಕಟ್ಟಿಸಿದ ದ ಮೆನಿಲ್ ದಂಪತಿ ಕುತೂರಿಯೆ ಅವರ ವಿಚಾರಗಳಿಂದ ಪ್ರಭಾವಿತರಾದವರು.

ಕನ್ನಡದಲ್ಲೂ ನಿದರ್ಶನವಿದೆ. ದೇವರನ್ನು ಸುಲಭಕ್ಕೆ ಒಪ್ಪದ ಶಿವರಾಮ ಕಾರಂತರು (1902–1997) ಯಕ್ಷಗಾನದ ಅಧ್ಯಯನಕ್ಕೂ ಪ್ರಯೋಗಕ್ಕೂ ದಶಕಗಳನ್ನೇ ಕೊಟ್ಟರು. ಭಕ್ತಿಯ ಹಂಗಿಲ್ಲದೆಯೂ ಕಲೆಗೆ ಹೀಗೆ ತನ್ನನ್ನು ಒಪ್ಪಿಸಿಕೊಳ್ಳಬಹುದು.

ವಿರೋಧ

ಆಗದೆನ್ನುವವರ ಮೊದಲ ಆಕ್ಷೇಪ: ತನ್ಮಯತೆಯನ್ನೇ ಅಧ್ಯಾತ್ಮವೆಂದು ತಿಳಿಯಬಾರದು. ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಚಿತ್ರಕಲಾ ವಿದ್ಯಾರ್ಥಿಗಳನ್ನು ಗಮನಿಸಿ ಈ ಸ್ಥಿತಿಯ ಅಧ್ಯಯನ ಆರಂಭಿಸಿದರು. ಮುಂದೆ ಅದನ್ನು ಚದುರಂಗದ ಆಟಗಾರರಲ್ಲಿ, ಬಂಡೆ ಹತ್ತುವವರಲ್ಲಿ, ಶಸ್ತ್ರಚಿಕಿತ್ಸಕರಲ್ಲಿಯೂ ಕಂಡರು. ಇವರೆಲ್ಲರ ಏಕಾಗ್ರತೆಯನ್ನು ಅಧ್ಯಾತ್ಮವೆಂದರೆ ಆ ಮಾತಿಗೆ ಅರ್ಥವೇ ಉಳಿಯದು.

ಎರಡನೆಯದು, ಪರವಾದಿಗಳ ನಿದರ್ಶನಗಳು ಧರ್ಮದ ಬಂಡವಾಳದ ಮೇಲೇ ನಿಂತಿವೆ. ಮತೀಸ್‌ಗೆ ವಸ್ತು ಕೊಟ್ಟದ್ದು ಕ್ರೈಸ್ತ ಪುರಾಣ. ಬಾಲ್ಯದಲ್ಲಿ ರಾಥ್ಕೊ ಯೆಹೂದಿ ಧಾರ್ಮಿಕ ಶಾಲೆಯಲ್ಲಿ ಓದಿದವರು. ಕಾರಂತರು ಒಲಿದ ಯಕ್ಷಗಾನದಲ್ಲೂ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಣಪತಿ ಪೂಜೆಯಾದ ಮೇಲೇ ಆಟ. ವಿಗ್ರಹ ಕಡೆಯುವ ಶಿಲ್ಪಿ ಧ್ಯಾನಶ್ಲೋಕದ ಮೂಲಕ ದೇವತೆಯ ರೂಪವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ತಾಳಮಾನದಂತೆ ಅಳತೆ ಹಾಕಿ, ಕೊನೆಗೆ ನೇತ್ರೋನ್ಮೀಲನ ವಿಧಿಯಲ್ಲಿ ಕಣ್ಣು ಬಿಡಿಸುತ್ತಾನೆ. ಈ ಕ್ರಮದಿಂದ ಕಲೆಯನ್ನು ಕಿತ್ತು ತೆಗೆದರೆ ಉಳಿಯುವುದು ವೈಯಕ್ತಿಕ ಭಾವೋದ್ರೇಕ ಮಾತ್ರ ಎಂಬುದು ಕಲಾಚಿಂತಕ ಆನಂದ ಕುಮಾರಸ್ವಾಮಿಯವರ ವಿಚಾರಧಾರೆಯನ್ನು ಒಪ್ಪುವವರ ನಿಲುವು.

ಮೂರನೆಯದು ಫಲದ ಪ್ರಶ್ನೆ. ಧಾರ್ಮಿಕ ಸಾಧನೆ ನಡತೆಯನ್ನು ತಿದ್ದುತ್ತದೆ, ವ್ಯಕ್ತಿಯನ್ನು ಸಮುದಾಯದೊಂದಿಗೆ ಬೆಸೆಯುತ್ತದೆ. ಕಲೆಯ ಆವೇಶ ಕೆಲಸ ಮುಗಿದೊಡನೆ ಇಳಿದುಹೋಗಬಹುದು. ರಸಾನುಭವವನ್ನು ಬ್ರಹ್ಮಾನಂದದ ಸಮೀಪಕ್ಕೆ ತಂದ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತನೂ ಎರಡನ್ನೂ ಒಂದೇ ಎನ್ನಲಿಲ್ಲ.

ತೂಗಿ ನೋಡಿದಾಗ

ವಿರೋಧಿಗಳ ಮೊದಲ ಆಕ್ಷೇಪದಲ್ಲಿ ಹುರುಳಿದೆ. ಹೊತ್ತು ಹೋದದ್ದು ತಿಳಿಯದಷ್ಟರಿಂದಲೇ ಅನುಭವ ಅಧ್ಯಾತ್ಮವಾಗುವುದಿಲ್ಲ. ‘ನಾನು’ ಹಿಂದೆ ಸರಿಯಬೇಕು, ತನಗಿಂತ ದೊಡ್ಡದೊಂದಕ್ಕೆ ಮಣಿಯಬೇಕು, ಅದರ ಗುರುತು ಬದುಕಿನಲ್ಲಿ ಉಳಿಯಬೇಕು. ಈ ಮೂರನ್ನೂ ಧರ್ಮಾಚರಣೆಯಿಂದ ದೂರ ಉಳಿದ ಕಲಾವಿದರೂ ಮುಟ್ಟಬಲ್ಲರು ಎಂಬುದಕ್ಕೆ ಬಿದಿರುಕೋಲು ಹಿಡಿದ ಮತೀಸ್‌ರ ವರ್ಷಗಳ ದುಡಿಮೆ ಸಾಕ್ಷಿ. ಎರಡನೆಯ ಆಕ್ಷೇಪ ಅಷ್ಟು ಗಟ್ಟಿಯಲ್ಲ. ರೂಪಗಳೂ ಕಥೆಗಳೂ ಧರ್ಮದಿಂದ ಬಂದಿರಬಹುದು. ಆದರೆ ಬಳುವಳಿಯಾಗಿ ಬಂದದ್ದನ್ನು ಬಳಸುವವರೆಲ್ಲ ಭಕ್ತರೇ ಆಗಿರಬೇಕಿಲ್ಲ. ಮೂರನೆಯ ಆಕ್ಷೇಪ ಮಾತ್ರ ಕಲೆಯ ಮಿತಿಯನ್ನು ಸರಿಯಾಗಿ ಗುರುತಿಸುತ್ತದೆ: ಸಾವು-ನೋವಿನಲ್ಲಿ ಜೊತೆಗೆ ನಿಲ್ಲುವ ಸಮುದಾಯವನ್ನು ಧರ್ಮ ಕಟ್ಟಿದಷ್ಟು ವ್ಯಾಪಕವಾಗಿ ಕಲೆ ಕಟ್ಟಿಲ್ಲ. ಆದ್ದರಿಂದ ಕಲಾಸೃಷ್ಟಿ ಧರ್ಮದ ನೆರವಿಲ್ಲದೆ ಅಧ್ಯಾತ್ಮದ ಅನುಭವವಾಗಬಲ್ಲದು. ಆದರೆ ಧರ್ಮ ಮಾಡುವ ಎಲ್ಲ ಕೆಲಸವನ್ನೂ ಅದರಿಂದ ನಿರೀಕ್ಷಿಸುವುದು ತಪ್ಪು.