ಸುಂಕ ಬಿಟ್ಟ ಊರು: ಬಿಟ್ಟದ್ದು ಯಾರಿಗೆ?

ಕ್ಯಾತ್ಸಂದ್ರದ ಟೋಲ್ ದಾಟುವ ಲಾರಿ ಚಾಲಕರಿಗೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದರೆ ಏನೂ ತಿಳಿಯದು. ಸಾವಿರ ವರ್ಷದ ಹಿಂದೆ ಕನ್ನಡ ನಾಡಿನಲ್ಲಿ ಎತ್ತಿನ ಮೇಲೆ ಅಡಿಕೆ, ಮೆಣಸು ಹೇರಿಕೊಂಡು ಹೊರಟವರು ತೆತ್ತದ್ದು ಈ ಸುಂಕಗಳನ್ನೇ.

ಆದ್ದರಿಂದಲೇ ಹೊಸ ಪೇಟೆ ಕಟ್ಟಬೇಕೆಂದ ದೊರೆಗಳು ಮೊದಲು ಸುಂಕಕ್ಕೆ ಕೈ ಹಾಕುತ್ತಿದ್ದರು. ಬಂದು ನೆಲೆಸಿದವರಿಗೆ ಕೆಲವು ವರ್ಷ ತೆರಿಗೆ ಮಾಫಿ, ಪೇಟೆ ನಿಲ್ಲಿಸಿದ ಶೆಟ್ಟಿಗೆ ಪಟ್ಟಣಸ್ವಾಮಿ ಪದವಿ, ಜೊತೆಗೆ ಮಾನ್ಯದ ಹೊಲ. ಸ್ಪೇನಿನ ಕೆಟಲೋನಿಯಾದಲ್ಲೂ ಇದೇ ಹೂಟ. ಗಡಿಯಂಚಿನ ಕಾರ್ಡೋನಾಕ್ಕೆ 986ರಲ್ಲಿ ಕೌಂಟ್ ಬೊರ್ರೆಲ್ ಹಕ್ಕುಪತ್ರ ಕೊಟ್ಟ; 12ನೇ ಶತಮಾನದಲ್ಲಿ ವಿಲಾಫ್ರಾಂಕಾ ದೆಲ್ ಪೆನೆದೆಸ್ ಎದ್ದದ್ದು ಇಂಥದೇ ವಿನಾಯಿತಿಯ ಬಲದಿಂದ. ಜನ ಬೇಕು, ಜನ ಬರಬೇಕಾದರೆ ಆಸೆ ತೋರಿಸಬೇಕು. ದೊರೆಗಳ ಔದಾರ್ಯಕ್ಕೆ ಎರಡೂ ಕಡೆ ಲೆಕ್ಕಾಚಾರವಿತ್ತು.

ಯುರೋಪಿಗಿಂತ ನಮ್ಮ ಪಟ್ಟಣಗಳೇನು ಕಡಿಮೆ ಎನ್ನುವವರ ಕೈಯಲ್ಲಿ ಗಟ್ಟಿ ಪುರಾವೆಗಳಿವೆ. ಹೊಂಬುಜದ ಪಟ್ಟಣಸ್ವಾಮಿ ನೊಕ್ಕಯ್ಯ ಶೆಟ್ಟಿ 1062ರಲ್ಲಿ ಬಸದಿ ಕಟ್ಟಿಸಿದ. ಐಹೊಳೆಯ ಐನೂರ್ವರು ಎಂಬ ವರ್ತಕ ಸಂಘದ ಹೆಸರು ದಕ್ಷಿಣ ಭಾರತದುದ್ದಕ್ಕೂ ನಡೆಯಿತು. ತಿಪಟೂರಿನಾಚೆಯ ಅರಸೀಕೆರೆ ಹೊಯ್ಸಳರ ಕಾಲಕ್ಕೆ ದಕ್ಷಿಣದ ಅಯ್ಯಾವೊಳೆ, ಅಂದರೆ ದಕ್ಷಿಣದ ಐಹೊಳೆ, ಎನಿಸಿಕೊಂಡಿತ್ತು. ನಗರದ ವರ್ತಕರು ಕೂಡಿ ಕುಳಿತು, ಹೇರಿಗೆ ಇಷ್ಟು ಅಡಿಕೆ, ಗಾಣಕ್ಕೊಂದು ಸೊಲ್ಲಿಗೆ ಎಣ್ಣೆ ಎಂದು ತಮ್ಮ ಮೇಲೆ ತಾವೇ ವಂತಿಗೆ ಹಾಕಿಕೊಂಡು ಗುಡಿಗಳಿಗೆ ಬಿಡುತ್ತಿದ್ದರು. ಜೈನ, ಶೈವ, ವೈಷ್ಣವ ಎಂದು ನೋಡದೆ ಕೊಟ್ಟ ದತ್ತಿಗಳೂ ಉಂಟು. ಇದನ್ನು ಸ್ವಯಮಾಡಳಿತ ಅಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಇದನ್ನೆಲ್ಲ ಹೇಳುವ ಶಾಸನದ ಕಲ್ಲುಗಳ ಮಾತೆಲ್ಲ ಸುಂಕ, ಮಾನ್ಯ, ದತ್ತಿಗಳದು. ಅಂಗಡಿ ಇದ್ದವನು ಅಲ್ಲಿ ಕಾಣುತ್ತಾನೆ, ಹೇರು ಹೊತ್ತವನು ಕಾಣುವುದಿಲ್ಲ. ಕೆಟಲೋನಿಯಾದವರೂ ಸಾಚಾಗಳಲ್ಲ: ಪಟ್ಟಣದ ಗೋಡೆಯಾಚೆ ರೆಮೆನ್ಸಾ ಎಂಬ ರೈತರು ಒಡೆಯನಿಗೆ ಹಣ ಕಟ್ಟದೆ ಊರು ಬಿಡುವಂತಿರಲಿಲ್ಲ, ಆ ಜೀತ ಕಳಚಿದ್ದು ದಂಗೆಗಳಾದ ಮೇಲೆ, 1486ರಲ್ಲಿ. ನಿಜವಾದ ಅಂತರ ಬೇರೆಡೆ ಇದೆ. ಅಲ್ಲಿನ ಪಟ್ಟಣಗಳ ಪ್ರತಿನಿಧಿಗಳು ರಾಜನ ಸಭೆಯಲ್ಲಿ ಕೂರತೊಡಗಿದರು, 1283ರಲ್ಲಿ ರಾಜ ಪೇರೆ ವರ್ಷಕ್ಕೊಮ್ಮೆ ಸಭೆ ಕರೆಯುವೆನೆಂದು ಮಾತು ಕೊಡಬೇಕಾಯಿತು. ನಮ್ಮ ಪಟ್ಟಣಸ್ವಾಮಿಗೆ ದೊರೆಯ ಮರ್ಯಾದೆ ಸಿಕ್ಕಿತು, ದೊರೆಯ ಕೈ ಕಟ್ಟುವ ಕಾಗದ ಸಿಗಲಿಲ್ಲ. ವ್ಯಾಪಾರದಲ್ಲಿ ನಮ್ಮವರು ಸರಿಸಮ. ಆಳುವವನನ್ನು ಕೇಳುವ ಹಕ್ಕಿನಲ್ಲಿ ಅವರು ಮುಂದು.

ಪೇಟೆಯ ಸಂಪತ್ತು ಆಮೇಲೂ ಕೆಲಸ ಮಾಡಿತೆನ್ನಿ.  ಹೊಸಹಳ್ಳಿ ಗೌಡರು ಕಟ್ಟಿಸಿದರೆನ್ನುವ ಗುಬ್ಬಿ ಪಟ್ಟಣ, ಅಡಿಕೆ, ಕೊಬ್ಬರಿಯ ಸಂತೆಯಿಂದ ಬೆಳೆದು 1884ರಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನೇ ಹೆತ್ತಿತು. ಅದನ್ನು ಕಟ್ಟಿದವರಲ್ಲಿ ಚಂದಣ್ಣನವರ ಜೊತೆ ಮುಸ್ಲಿಂ ಗೆಳೆಯರೂ ಇದ್ದರು. ಶಾಸನದ ಪೇಟೆ ಕೊಡದ ಸಲಿಗೆಯನ್ನು ರಂಗ ಕೊಟ್ಟಿತು.

ಈಗ ಗುಬ್ಬಿಗೆ ಪಟ್ಟಣ ಪಂಚಾಯಿತಿಯಿದೆ, ಕ್ಯಾತ್ಸಂದ್ರ ತುಮಕೂರು ಪಾಲಿಕೆಗೆ ಸೇರಿದೆ. ಎರಡೂ ಕಡೆ ಅಂಗಡಿ ಇದ್ದವನಿಗೂ ಮೂಟೆ ಹೊರುವವನಿಗೂ ಒಂದೊಂದೇ ಮತ. ಆ ಹಕ್ಕು ಕೊಟ್ಟದ್ದು 1950ರಲ್ಲಿ ಜಾರಿಗೆ ಬಂದ ಸಂವಿಧಾನ.