ಬೋರ್ಡು ಓದುವ ಮಗು
ಮೂರೂವರೆ ವರ್ಷದ ಮಗು ಬಸ್ಸಿನ ಬೋರ್ಡು ಓದುತ್ತದೆ, ಹೆಸರು ಹಿಡಿದು ಕರೆದರೆ ಮಾತ್ರ ತಿರುಗಿ ನೋಡುವುದಿಲ್ಲ. ಮೊದಲನೆಯದಕ್ಕೆ ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಎರಡನೆಯದಕ್ಕೆ ‘ದೊಡ್ಡದಾದರೆ ಸರಿಹೋಗುತ್ತೆ’ ಎನ್ನುತ್ತಾರೆ. ದಯವಿಟ್ಟು ಕಾಯಬೇಡಿ. ಅಸಾಧಾರಣ ಜಾಣತನವೂ ಬೆಳವಣಿಗೆಯ ತೊಡಕೂ ಒಂದೇ ಮಗುವಿನಲ್ಲಿರಬಹುದು, ಎರಡನ್ನೂ ಒಟ್ಟಿಗೇ ನೋಡಿಸಬೇಕು. ಮೊದಲು ಮಕ್ಕಳ ವೈದ್ಯರು, ಕಿವಿಯ ಪರೀಕ್ಷೆ. ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೋ ಬೆಂಗಳೂರಿನ ನಿಮ್ಹಾನ್ಸೋ. ಬುದ್ಧಿಪರೀಕ್ಷೆ ಮನೆಮಾತಿನಲ್ಲೇ ನಡೆಯಲಿ ಎಂದು ಕೇಳಲು ಸಂಕೋಚ ಬೇಡ: ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು 1930ರ ದಶಕದಲ್ಲೇ. ಈ ವಯಸ್ಸಿನ ಐಕ್ಯೂ ಅಂಕ ಸ್ಥಿರವಲ್ಲ, ನಿದ್ದೆಗೆಟ್ಟ ದಿನ ಇಳಿಯಲೂಬಹುದು. ಅದನ್ನು ನೆಂಟರಿಗೆಲ್ಲ ಹೇಳಿಕೊಳ್ಳುವ ಬದಲು, ಮಗು ಎಲ್ಲಿ ತಡವರಿಸಿತು, ಮನೆಯಲ್ಲಿ ಏನು ಮಾಡಬೇಕು ಎಂದು ತಜ್ಞರ ಎದುರು ಕೂತು ಕೇಳಿ, ಬರೆದುಕೊಳ್ಳಿ.