ಕೋಡ್ ಅಗ್ಗವಾದರೆ ಕೆಲಸ ಮುಗಿಯಿತೆ?

ಪಿಟಿಎ ಸಭೆಯಲ್ಲಿ ತಂದೆಯೊಬ್ಬರು ಎದ್ದು ಕೇಳಿದರು, "ಪ್ರೋಗ್ರಾಂ ಬರೆಯಲಿಕ್ಕೆ ಈಗ ಎಐ ಉಂಟಲ್ಲ ಮಾಷ್ಟ್ರೆ, ಇನ್ನು ನಮ್ಮ ಮಕ್ಕಳು ಅದನ್ನು ಕಲಿತು ಎಂತ ಮಾಡುವುದು?" ಹಿಂದಿನ ಬೆಂಚಿನಿಂದ ಇನ್ನೊಬ್ಬರು, "ಅದೂ ಕನ್ನಡ ಮೀಡಿಯಂನವರು!" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಈ ಮಾತು ಹೊಸತಲ್ಲ ಮಾರಾಯ್ರೆ. 1954ರಲ್ಲಿ ಐಬಿಎಂನವರು ಫೋರ್ಟ್ರಾನ್ ಭಾಷೆಯ ಯೋಜನೆ ಮುಂದಿಟ್ಟಾಗ, ಕೋಡ್ ಬರೆದು ತಪ್ಪು ಹುಡುಕುವ ಕೆಲಸವೇ ಹೆಚ್ಚುಕಡಿಮೆ ಇಲ್ಲವಾದೀತು ಎಂದಿದ್ದರು. 1957ರಲ್ಲಿ ಫೋರ್ಟ್ರಾನ್ ಬಂತು. ಆದದ್ದು ಉಲ್ಟಾ! ಬರೆಯುವುದು ಸುಲಭವಾದದ್ದೇ ತಡ, ಅದುವರೆಗೆ ಕಂಪ್ಯೂಟರಿನ ಗೊಡವೆಗೆ ಹೋಗದವರೂ "ನಮಗೂ ಒಂದು ಪ್ರೋಗ್ರಾಂ ಬೇಕು" ಅಂದರು. ಇಂಗ್ಲೆಂಡಿನ ಜೆವನ್ಸ್ 1865ರಲ್ಲೇ ಹೇಳಿದ್ದ: ಎಂಜಿನ್ ಕಡಿಮೆ ಕಲ್ಲಿದ್ದಲು ತಿಂದರೆ ಕಲ್ಲಿದ್ದಲಿನ ಬೇಡಿಕೆ ಇಳಿಯುವುದಿಲ್ಲ, ಏರುತ್ತದೆ.

ಬೇಡಿಕೆ ಎಲ್ಲುಂಟು ಅಂತೀರಾ? ನಮ್ಮ ಶಾಲೆಯಲ್ಲೇ ಉಂಟು. ಕಾಸರಗೋಡಿನ ಕನ್ನಡ ಶಾಲೆಗಳಿಗೆಂದೇ ಸಾಫ್ಟ್‌ವೇರ್ ಮಾಡಿದರೆ ಯಾವ ಕಂಪನಿಗೆ ಗಿಟ್ಟುತ್ತದೆ? ಮೊನ್ನೆ ಐದನೇ ತರಗತಿಯ ಪದಕೋಶವನ್ನು ಅಕಾರಾದಿಯಾಗಿ ಜೋಡಿಸಲು ಎಐ ಕೈಯಲ್ಲಿ ಸಣ್ಣ ಪ್ರೋಗ್ರಾಂ ಬರೆಸಿದೆ. ಎರಡೇ ನಿಮಿಷ! ಆದರೆ 'ಕಳಸ' ಮೊದಲು, 'ಕವನ' ಆಮೇಲೆ ಬಂತು. ಒಬ್ಬಳು ಹುಡುಗಿ ಕೂಡಲೇ ಹಿಡಿದಳು, "ಸರ್, 'ಳ' ಕೊನೆಗಲ್ವಾ?" ಹೌದು. ವರ್ಣಮಾಲೆಯಲ್ಲಿ 'ಳ' ಬರುವುದು 'ಹ' ಆದಮೇಲೆ. ಯೂನಿಕೋಡ್ ಪಟ್ಟಿಯಲ್ಲಿ 'ಲ' ಆದ ಕೂಡಲೇ, 'ವ'ಗಿಂತ ಮೊದಲು. ಪ್ರೋಗ್ರಾಂ ಬರೀ ಆ ಯೂನಿಕೋಡ್ ಸಂಖ್ಯೆ ನೋಡಿ ಜೋಡಿಸಿತ್ತು. ಬಿಡಿಸಿ ಹೇಳಿದಮೇಲೆ ಎಐ ತಿದ್ದಿಕೊಟ್ಟಿತು, ಒಪ್ಪುತ್ತೇನೆ. ಆದರೆ ಹೇಳಲಿಕ್ಕೆ ಆ ಹುಡುಗಿ ಬೇಕಾಯಿತಲ್ಲ? ಕನ್ನಡ ಮೀಡಿಯಂನವಳೇ!

ಹಾಗಂತ ಎಲ್ಲ ಸುಖ ಅನ್ನುವುದಿಲ್ಲ. ಸಾಫ್ಟ್‌ವೇರಿಗೆ ಬೇಡಿಕೆ ಏರಿದರೆ ಪ್ರೋಗ್ರಾಮರಿಗೂ ಅಷ್ಟೇ ಏರುತ್ತದೆ ಎಂಬ ಗ್ಯಾರಂಟಿ ಯಾರೂ ಕೊಡಲಾರರು. ಮೇಲಿನವರು ಹೇಳಿದ್ದನ್ನು ಕೋಡ್ ಮಾಡಿಕೊಡುವ ಕೆಲಸವನ್ನೇ ಎಐ ಚೆನ್ನಾಗಿ ಮಾಡುವುದು. ಹೊಸಬರಿಗೆ ಮೊದಲು ಸಿಗುತ್ತಿದ್ದದ್ದೂ ಅದೇ. ಬೆಂಗಳೂರಿನಲ್ಲಿ ಕೆಲಸ ಹುಡುಕುವ ನಮ್ಮ ಹಳೆ ವಿದ್ಯಾರ್ಥಿಗಳು ಹೆದರಿದರೆ ಅದು ನ್ಯಾಯವೇ. ಆದರೆ ಹೆದರಿ ಕಲಿಯುವುದನ್ನೇ ಬಿಟ್ಟರೆ, ಎಐ ಬರೆದದ್ದು ಸರಿಯೋ ತಪ್ಪೋ ಎಂದು ನೋಡುವವರು ಯಾರು? ಟೈಪಿಂಗ್ ಹೋಗಲಿ ಬಿಡಿ. ಸಮಸ್ಯೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುವುದನ್ನು ಕಲಿಸದೆ ಇರಲು ನಾನಂತೂ ತಯಾರಿಲ್ಲ.

ಶನಿವಾರ ಲ್ಯಾಬ್ ತೆರೆದಿರುತ್ತದೆ. ಆ ತಂದೆಯವರ ಮಗನನ್ನೂ ಕಳಿಸಲಿ. ಪದಕೋಶದಲ್ಲಿ ಅನುಸ್ವಾರದ ಪದಗಳು ಇನ್ನೂ ಸರಿಯಾಗಿಲ್ಲ.